ಒಂದೇ ಫೋಟೋ ಒಂದೊಂದು ಸಾಫ್ಟ್‌ವೇರ್‌ನಲ್ಲಿ, ಒಂದೊಂದು ಪರದೆಯಲ್ಲಿ ಬೇರೆ ಬಣ್ಣದಲ್ಲಿ ಕಾಣುವುದೇಕೆ?

ಫೋಟೋ ಫೈಲಿನಲ್ಲಿ ಇರುವುದು ಬಣ್ಣವಲ್ಲ, ಬರೀ ಅಂಕಿ. ಸಾಮಾನ್ಯ ಜೆಪಿಇಜಿ ಫೈಲಿನಲ್ಲಿ ಪ್ರತಿ ಚುಕ್ಕೆಯ ಕೆಂಪು, ಹಸಿರು, ನೀಲಿ ಎಷ್ಟೆಂಬುದು 0ಯಿಂದ 255ರೊಳಗಿನ ಮೂರು ಸಂಖ್ಯೆಗಳಾಗಿ ಸಿಗುತ್ತದೆ. ‘ಕೆಂಪು 255’ ಅಂದರೆ ಎಂಥ ಕೆಂಪು? ಅದನ್ನು ಹೇಳುವುದು ಫೈಲಿನೊಳಗೆ ಸೇರಿಸಿರುವ ಕಲರ್ ಪ್ರೊಫೈಲ್. ಎಚ್‌ಪಿ ಮತ್ತು ಮೈಕ್ರೋಸಾಫ್ಟ್ 1996ರಲ್ಲಿ ರೂಪಿಸಿದ ಎಸ್‌ಆರ್‌ಜಿಬಿ ಎಂಬ ಪ್ರೊಫೈಲ್ ಹೆಚ್ಚು ಬಳಕೆಯಲ್ಲಿದೆ. 1998ರ ಅಡೋಬಿ ಆರ್‌ಜಿಬಿಯ ಬಣ್ಣಗಳ ವ್ಯಾಪ್ತಿ ಅದಕ್ಕಿಂತ ದೊಡ್ಡದು, ಅದರಲ್ಲೂ ಹಸಿರಿನ ಕಡೆಗೆ.

ಫೋಟೋಶಾಪ್‌ನಂಥ ಸಾಫ್ಟ್‌ವೇರ್ ಈ ಪ್ರೊಫೈಲ್ ಓದಿ, ನಿಮ್ಮ ಮಾನಿಟರ್‌ಗೆ ತಕ್ಕಂತೆ ಅಂಕಿಗಳನ್ನು ಹೊಂದಿಸಿ ತೋರಿಸುತ್ತದೆ. ಕೆಲವು ಸರಳ ವ್ಯೂವರ್‌ಗಳು ಅದರ ಗೊಡವೆಗೇ ಹೋಗದೆ ಅಂಕಿಗಳನ್ನು ಇದ್ದಂತೆ ಪರದೆಗೆ ಕಳಿಸುತ್ತವೆ. ಆಗ ಅಡೋಬಿ ಆರ್‌ಜಿಬಿಯಲ್ಲಿ ಉಳಿಸಿದ ಮದುವೆ ಫೋಟೋ ಸಾಧಾರಣ ಮಾನಿಟರ್‌ನಲ್ಲಿ ಕಳೆಗುಂದುತ್ತದೆ: ಕೆಂಪು ರೇಷ್ಮೆ ಸೀರೆ ಮಂಕು, ಮುಖಗಳು ಪೇಲವ. ಹೆಚ್ಚು ಬಣ್ಣ ತೋರಿಸಬಲ್ಲ ವೈಡ್ ಗ್ಯಾಮಟ್ ಪರದೆಯಲ್ಲಿ ಇದು ತಿರುಗಾಮುರುಗಾ. ಅಲ್ಲಿ ಎಸ್‌ಆರ್‌ಜಿಬಿ ಫೋಟೋದ ಅದೇ ಸೀರೆ ಕಣ್ಣಿಗೆ ರಾಚುತ್ತದೆ.

ಇದರ ಮೇಲೆ ಬ್ರೈಟ್‌ನೆಸ್, ಟಿವಿಯ ವಿವಿಡ್ ಮೋಡ್, ರಾತ್ರಿ ಪರದೆಯನ್ನು ಹಳದಿಯಾಗಿಸುವ ನೈಟ್ ಲೈಟ್ ಬೇರೆ. ಬಣ್ಣ ತಿದ್ದಲು ಕೂರುವ ಮೊದಲು ನೈಟ್ ಲೈಟ್ ಆಫ್ ಮಾಡಲೇಬೇಕು.

ಬೇರೆಯವರಿಗೆ ಕಳಿಸುವ ಫೋಟೋವನ್ನು ಎಸ್‌ಆರ್‌ಜಿಬಿಗೆ ಬದಲಿಸಿ, ಪ್ರೊಫೈಲ್ ಸಮೇತ ಎಕ್ಸ್‌ಪೋರ್ಟ್ ಮಾಡಿ. ಪ್ರಿಂಟ್ ಹಾಕಿಸುವ ಕೆಲಸವೇ ಹೆಚ್ಚಿದ್ದರೆ, ದುಬಾರಿ ಮಾನಿಟರ್‌ಗಿಂತ ಮೊದಲು ಒಂದು ಕ್ಯಾಲಿಬ್ರೇಟರ್ (ಪರದೆಯ ಬಣ್ಣ ಅಳೆದು ಸರಿಪಡಿಸಲು ನೆರವಾಗುವ ಸಾಧನ) ಕೊಳ್ಳಿ ಅನ್ನುತ್ತೇನೆ.