ತಿಂಗಳಿಗೊಮ್ಮೆ ಜೈಲಿಗೆ ಹೋಗಿ ಮಾತಾಡಿದರೆ ಉಪಯೋಗವಿದೆಯೇ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಯಾರೂ ನೋಡಲು ಬಾರದ ಕೈದಿಗಳನ್ನು ತಿಂಗಳಿಗೊಮ್ಮೆ ಭೇಟಿಯಾಗುವ ಸ್ವಯಂಸೇವಕರ ಗುಂಪಿಗೆ ಸೇರಬೇಕು ಅಂತಿದ್ದೇನೆ. ‘ಸುಮ್ನೆ ಒಂದು ಗಂಟೆ ಮಾತಾಡಿ ಬಂದರೆ ಯಾರು ಬದಲಾಗ್ತಾರೆ?’ ಅಂತಾರೆ ಮನೆಯವರು. ಬಿಡುಗಡೆಯಾದ ಮೇಲೆ ಕೈದಿಗಳಿಗೆ ಇದರಿಂದ ನಿಜಕ್ಕೂ ಅನುಕೂಲವಾಗುತ್ತದೆಯೇ?

ಉತ್ತರ: ಆಗುತ್ತದೆ, ಖಂಡಿತ ಸೇರಿ. ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ 2003ರಿಂದ 2007ರವರೆಗೆ ಬಿಡುಗಡೆಯಾದ 16,420 ಕೈದಿಗಳ ದಾಖಲೆಗಳನ್ನು ಪರಿಶೀಲಿಸಿದ್ದರು. ಜೈಲಿನಲ್ಲಿದ್ದಾಗ ಯಾರಾದರೂ ಬಂದು ನೋಡಿದ್ದವರು ಮತ್ತೆ ಗಂಭೀರ ಅಪರಾಧ ಮಾಡಿ ಶಿಕ್ಷೆಗೊಳಗಾಗುವ ಸಾಧ್ಯತೆ ಶೇ 13ರಷ್ಟು ಕಡಿಮೆಯಿತ್ತು. ಬಿಡುಗಡೆಯ ಷರತ್ತು ಮುರಿದು ವಾಪಸ್ ಹೋಗುವ ಸಾಧ್ಯತೆ ಶೇ 25ರಷ್ಟು ಕಡಿಮೆ. ಧರ್ಮಗುರುಗಳ ಭೇಟಿಯಿಂದಲೂ ಒಳ್ಳೆಯದಾಗಿತ್ತು. ಆದರೆ ವಿಚ್ಛೇದನವಾದ ಗಂಡನೋ ಹೆಂಡತಿಯೋ ಬಂದು ಹೋದಾಗ ಫಲ ಉಲ್ಟಾ ಆಗಿತ್ತು. ಯಾರು ಬರುತ್ತಾರೆ ಅನ್ನೋದೂ ಮುಖ್ಯ, ಅಲ್ವಾ?

ನಿಮಗೆ ಆ ಕೈದಿಯ ಮೇಲೆ ಹಳೆಯ ಕೋಪವಿಲ್ಲ, ಹಳೆಯ ಸಾಲವೂ ಇಲ್ಲ. ನಿಮ್ಮ ಬಲ ಅದೇ. ಮೊದಲ ಸಲ ಅವರು ತಲೆ ತಗ್ಗಿಸಿ ಕೂತು, ಕೇಳಿದ್ದಕ್ಕೆ ಹೂಂ, ಉಹೂಂ ಅಂದಾರು. ಬೇಸರ ಮಾಡಿಕೊಳ್ಳಬೇಡಿ. ಎರಡನೇ ತಿಂಗಳು ಹೇಳಿದ ದಿನಕ್ಕೇ ಹೋಗಿ, ‘ಹೋದ ಸಲ ಹಲ್ಲುನೋವು ಅಂದಿದ್ರಲ್ಲ, ಕಮ್ಮಿ ಆಯ್ತಾ?’ ಎಂದು ಕೇಳಿ. ತನ್ನ ಹಲ್ಲುನೋವನ್ನು ಹೊರಗಿನವರೊಬ್ಬರು ತಿಂಗಳಿಡೀ ನೆನಪಿಟ್ಟುಕೊಂಡಿದ್ದಾರೆ ಅಂತ ಗೊತ್ತಾದಾಗ ತಲೆ ಮೇಲೇಳುತ್ತದೆ.

ಅಪರಾಧದ ವಿಷಯ ನೀವಾಗಿ ಕೆದಕಬೇಡಿ. ಹಣ, ಕೆಲಸ, ವಕೀಲರು ಯಾವುದಕ್ಕೂ ಮಾತು ಕೊಡಬೇಡಿ. ಚೀಟಿಯೊಂದನ್ನು ಸಹ ಒಳಗೂ ಹೊರಗೂ ಸಾಗಿಸಬೇಡಿ. ಉಪದೇಶವೂ ಬೇಡ, ಮೇಡಂ, ನಿಮಗೆ ಇದೇ ಜಾಸ್ತಿ ಕಷ್ಟವಾಗಬಹುದು!

ಬಿಡುಗಡೆಗೆ ಕೆಲವು ತಿಂಗಳಿದ್ದಾಗ ಮಾತು ಬದಲಾಗಲಿ. ಮೊದಲ ರಾತ್ರಿ ಎಲ್ಲಿ ಮಲಗುತ್ತೀರಿ? ಗುರುತಿನ ಚೀಟಿ ಇದೆಯಾ? ಕರೆದುಕೊಂಡು ಹೋಗಲು ಗೇಟಿಗೆ ಯಾರು ಬರ್ತಾರೆ? ಹೊರಬಂದವರು ಎಡವುವುದು ಹೆಚ್ಚಾಗಿ ಇಂಥ ಸಣ್ಣ ವಿಷಯಗಳಲ್ಲೇ, ಅದೂ ಮೊದಮೊದಲ ದಿನಗಳಲ್ಲಿ. ಬಿಡುಗಡೆಯಾದ ಮೇಲೆ ಸಂಪರ್ಕ ಇಟ್ಟುಕೊಳ್ಳಬಹುದೇ ಎಂದು ಗುಂಪಿನವರನ್ನು ಈಗಲೇ ಕೇಳಿ. ಕೆಲವು ಕಡೆ ಅದಕ್ಕೆ ಅವಕಾಶವಿಲ್ಲ. ಹಾಗಿದ್ದರೆ ಕೈದಿಗೂ ಮೊದಲೇ ತಿಳಿಸಿ.

ಒಂದು ವರ್ಷ ತಪ್ಪದೆ ಹೋಗಲು ಆಗುತ್ತದೆ ಎಂದಾದರೆ ಮಾತ್ರ ಹೆಸರು ಕೊಡಿ. ಊರಿಗೆ ಹೋಗುವ ತಿಂಗಳಿದ್ದರೆ, ‘ಮುಂದಿನ ಸಲ ಬರೋಕಾಗಲ್ಲ, ಅದರ ಮುಂದಿನ ತಿಂಗಳು ಬರ್ತೀನಿ’ ಅಂತ ಎದುರಿಗೇ ಹೇಳಿ ಬನ್ನಿ.