ಕೆಪಿ 6 ಇದ್ದರೂ ಅರೋರಾ ಯಾಕೆ ಕಾಣಲಿಲ್ಲ?

ಅರೋರಾ, ಅಂದರೆ ರಾತ್ರಿ ಆಕಾಶದಲ್ಲಿ ಕಾಣುವ ಧ್ರುವಪ್ರಭೆ, ನೋಡಲು ಹೊರಟಿದ್ದಿರಿ, ಆ್ಯಪ್ ಕೆಪಿ 6 ತೋರಿಸುತ್ತಿತ್ತು, ಸ್ಕಾಟ್ಲೆಂಡಿನ ಎಡಿನ್‌ಬರಾದ ಮನೆ ಹಿತ್ತಲಲ್ಲಿ ಅರ್ಧ ಗಂಟೆ ನಿಂತರೂ ಏನೂ ಕಾಣಲಿಲ್ಲ, ಎಲ್ಲಿ ತಪ್ಪಿತು ಅಂತ ಕೇಳಿದ್ದೀರಿ. ನಾನೂ ಇದೇ ಊರಲ್ಲಿದ್ದೇನೆ. ಮೊದಲ ಚಳಿಗಾಲ ಪೂರ್ತಿ ನನಗೂ ಹೀಗೇ ಆಗಿತ್ತು.

ಬರೀ ಕೆಪಿ ನಂಬಿ ಹೊರಡಬೇಡಿ. ಅದು ಭೂಮಿಯ ಕಾಂತಕ್ಷೇತ್ರ ಎಷ್ಟು ಕಲಕಿದೆ ಅಂತ ಮೂರು ಗಂಟೆಗೊಂದರಂತೆ ಇಡೀ ಭೂಮಿಗೆ ಸೇರಿಸಿ ಕೊಡುವ ಅಂಕಿ. ನೀವು ನಿಂತಿದ್ದ ಅರ್ಧ ಗಂಟೆ ಆಕಾಶ ಸುಮ್ಮನಿದ್ದಿರಬಹುದು. ನೋಡಬೇಕಾದ್ದು ಬಿ-ಝೆಡ್. ಸೂರ್ಯನಿಂದ ಬರುವ ಗಾಳಿ ತನ್ನ ಜೊತೆ ಕಾಂತಕ್ಷೇತ್ರವನ್ನೂ ಹೊತ್ತು ತರುತ್ತದೆ, ಆ ಕ್ಷೇತ್ರ ಉತ್ತರಕ್ಕೋ ದಕ್ಷಿಣಕ್ಕೋ ಎಷ್ಟು ತಿರುಗಿದೆ ಅನ್ನುವ ಅಳತೆಯೇ ಬಿ-ಝೆಡ್. ಅದು ಉತ್ತರಕ್ಕೆ ತಿರುಗಿದ್ದರೆ ಗಾಳಿ ಎಷ್ಟೇ ಜೋರಾಗಿ ಬೀಸಿದರೂ ಭೂಮಿಯ ಬಾಗಿಲು ಹೆಚ್ಚುಕಮ್ಮಿ ಮುಚ್ಚಿದ ಹಾಗೆ, ದಕ್ಷಿಣಕ್ಕೆ ತಿರುಗಿದರೆ, ಅಂದರೆ ಬಿ-ಝೆಡ್ ಮೈನಸ್‌ಗೆ ಇಳಿದರೆ, ತೆರೆದ ಹಾಗೆ. ಮೈನಸ್ 10 ನ್ಯಾನೊಟೆಸ್ಲಾಗಿಂತ (ಕಾಂತಕ್ಷೇತ್ರ ಅಳೆಯುವ ಮಾನ) ಕೆಳಗೆ ಸ್ವಲ್ಪ ಹೊತ್ತು ಕದಲದೆ ನಿಂತರೆ ನಾನು ಜಾಕೆಟ್ ಹಾಕಿಕೊಳ್ಳುತ್ತೇನೆ. ಇದನ್ನು ಅಳೆಯುವ ಉಪಗ್ರಹಗಳು ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ಆಚೆ ಇವೆ, ನಮ್ಮ ಆದಿತ್ಯ-ಎಲ್1 ಇರುವ ಕಡೆಯೇ. ಅಲ್ಲಿ ಕಂಡದ್ದು ಇಲ್ಲಿಗೆ ಬರಲು ಸಾಮಾನ್ಯವಾಗಿ ಅರ್ಧದಿಂದ ಒಂದು ಗಂಟೆ ಬೇಕು. ಊರಂಚಿನ ಪೋರ್ಟೊಬೆಲ್ಲೊ ಬೀಚಿಗೆ ಹೋಗಲು ಅಷ್ಟು ಸಾಕು.

ಹಿತ್ತಲು ಬೇಡ. ಬೀಚಿನಲ್ಲಿ ಊರಿನ ದೀಪಗಳು ಬೆನ್ನ ಹಿಂದೆ ಉಳಿಯುತ್ತವೆ, ಎದುರಿಗೆ ನೀರು. 20 ನಿಮಿಷ ಫೋನ್ ಮುಟ್ಟಬೇಡಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ. ಮೊದಲು ಹಸಿರೇನೂ ಕಾಣುವುದಿಲ್ಲ. ಉತ್ತರದಲ್ಲಿ ತಗ್ಗಿನಲ್ಲಿ ಬೂದು ಬಣ್ಣದ ಒಂದು ಪಟ್ಟಿ, ಮೋಡ ಅಂದುಕೊಂಡು ಬಿಟ್ಟುಬಿಡುತ್ತೀರಿ. ಅದರೊಳಗಿಂದ ನಕ್ಷತ್ರ ಕಾಣುತ್ತಿದೆಯಾ ನೋಡಿ. ಕಾಣುತ್ತಿದ್ದರೆ, ಫೋನನ್ನು ಗೋಡೆಗೆ ಆನಿಸಿಟ್ಟು ನೈಟ್ ಮೋಡ್‌ನಲ್ಲಿ 3 ಸೆಕೆಂಡಿನ ಒಂದು ಫೋಟೊ ತೆಗೆಯಿರಿ. ಅರೋರಾ ಆಗಿದ್ದರೆ ಅದರಲ್ಲಿ ಹಸಿರು ಬರುತ್ತದೆ. ಆಮೇಲೆ ಕಾಯುವುದೇ ಕೆಲಸ. ಪಟ್ಟಿ ಒಂದು ಗಂಟೆ ಹಾಗೇ ಮಲಗಿರುತ್ತದೆ, ಇದ್ದಕ್ಕಿದ್ದಂತೆ ಕೆಳಗಿನ ಅಂಚು ಹೊಳೆಯುತ್ತದೆ, ಗೆರೆಗಳು ಮೇಲಕ್ಕೆ ಎದ್ದು ಹತ್ತು ಹದಿನೈದು ನಿಮಿಷ ಕುಣಿದು ಮತ್ತೆ ಮಂಕಾಗುತ್ತವೆ. ಎಷ್ಟೋ ಜನ ಅದಕ್ಕೆ ಸ್ವಲ್ಪ ಮೊದಲೇ ಬೇಸತ್ತು ಮನೆಗೆ ಹೊರಟುಬಿಡುತ್ತಾರೆ, ನೋಡಿದರೆ ಸಂಕಟವಾಗುತ್ತದೆ.

2024ರ ಮೇ 10ರ ರಾತ್ರಿ ಮಾತ್ರ ಬೇರೆ. ಅದು ಜಿ5 ದರ್ಜೆಯ ಭೂಕಾಂತೀಯ ಬಿರುಗಾಳಿ, ಅದಕ್ಕಿಂತ ಮೇಲಿನ ದರ್ಜೆಯೇ ಇಲ್ಲ. ಗುಲಾಬಿ, ಹಸಿರು ಗೆರೆಗಳು ಛತ್ರಿ ಕಡ್ಡಿಗಳ ಹಾಗೆ ನೆತ್ತಿಯ ಮೇಲೆ ಒಂದೇ ಕಡೆ ಸೇರಿದ್ದವು. ಭಾರತದಲ್ಲಿ ನಮ್ಮೂರಲ್ಲಿ ಆಗ ಬೆಳಗಿನ ಜಾವ ನಾಲ್ಕು ಗಂಟೆ, ಆದರೂ ತಡೆಯಲಾರದೆ ಅಮ್ಮನಿಗೆ ವಿಡಿಯೊ ಕಾಲ್ ಮಾಡಿದೆ. 'ಅಲ್ಲಿ ಆಗಲೇ ಬೆಳಗಾಯ್ತೇನೋ' ಅಂದರು. ಅದೇ ಬಿರುಗಾಳಿಯಲ್ಲಿ ಲಡಾಖ್‌ನ ಹಾನ್ಲೆಯಲ್ಲೂ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯದ ಕ್ಯಾಮೆರಾಗೆ ಕೆಂಪು ಬೆಳಕು ಸಿಕ್ಕಿತು. ಬರೀ ಕೆಂಪು ಯಾಕೆ ಅಂದರೆ, ಆಮ್ಲಜನಕದ ಹಸಿರು ಹೊಳೆಯುವುದು 100 ಕಿಲೋಮೀಟರ್ ಎತ್ತರದ ಆಸುಪಾಸಿನಲ್ಲಿ, ಕೆಂಪು 200ಕ್ಕಿಂತ ಮೇಲೆ. ಅಷ್ಟು ದೂರದಿಂದ ನೋಡುವವರಿಗೆ ಭೂಮಿಯ ಬಾಗು ಹಸಿರನ್ನು ಮರೆಮಾಡಿ ಮೇಲಿನ ತುದಿಯನ್ನಷ್ಟೇ ಬಿಡುತ್ತದೆ.

ಮೇ ಕೊನೆಯಿಂದ ಜುಲೈವರೆಗೆ ಇಲ್ಲಿ ಸರಿಯಾಗಿ ಕತ್ತಲೇ ಆಗುವುದಿಲ್ಲ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಮತ್ತೆ ಪ್ರಯತ್ನಿಸಿ. ಎರಡು ಜೊತೆ ಕಾಲುಚೀಲ ಹಾಕಿಕೊಳ್ಳಿ, ಮೊದಲು ಜೋಮು ಹಿಡಿಯುವುದು ಕಾಲೇ.