ಸಂಕ ದಾಟದ ಅಪ್ಪಯ್ಯ

ಶಿರಸಿ ಸೀಮೆಯ ಅಡಿಕೆ ಬೆಳೆಗಾರರೊಬ್ಬರು ನಾಲ್ಕು ಪುಟ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ವಯಸ್ಸು 58. ಎರಡು ವರ್ಷದ ಹಿಂದೆ ಎದೆಯಲ್ಲಿ ಐಸಿಡಿ ಕೂರಿಸಿದ್ದಾರೆ, ಅಂದರೆ ಹೃದಯದ ಲಯ ತಪ್ಪಿದಾಗ ಒಳಗಿನಿಂದಲೇ ಶಾಕ್ ಕೊಟ್ಟು ಸರಿಮಾಡುವ ಪುಟ್ಟ ಯಂತ್ರ. ಹೋದ ಮಳೆಗಾಲದಲ್ಲಿ ತೋಟಕ್ಕೆ ಹೊರಟಾಗ, ಹಳ್ಳ ದಾಟುವ ಕಾಲುಸೇತುವೆಯಾದ ಸಂಕದ ಮೇಲೆ ಶಾಕ್ ಹೊಡೆಯಿತು. ಹತ್ತು ನಿಮಿಷದೊಳಗೆ ಮೂರು ಸಲ. ‘ಹೋರಿ ಬಂದು ಎದೆಗೆ ಗುಮ್ಮಿದ ಹಾಗಾಯಿತು’ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಎಲ್ಲ ನೋಡಿ, ಔಷಧ ಬದಲಿಸಿ ಕಳಿಸಿದರು. ಅಂದಿನಿಂದ ಅವರು ಸಂಕ ದಾಟಿಲ್ಲ. ಬಚ್ಚಲ ಬಾಗಿಲಿಗೆ ಚಿಲಕ ಹಾಕುವುದಿಲ್ಲ. ಮೈ ತಾಗಿದರೆ ಹೆಂಡತಿಗೂ ಹೊಡೆದೀತೆಂದು ಹಾಸಿಗೆ ಬೇರೆ ಮಾಡಿಕೊಂಡಿದ್ದಾರೆ. ಮಕ್ಕಳು ‘ಅಪ್ಪಯ್ಯ, ಧೈರ್ಯ ಮಾಡು’ ಎನ್ನುತ್ತಾರಂತೆ. ‘ನಾನು ಪುಕ್ಕಲನೇ? ಇದನ್ನು ತೆಗೆಸಿಬಿಡಲೇ?’ ಎಂಬುದು ಅವರ ಪ್ರಶ್ನೆ.

ನೀವು ಪುಕ್ಕಲರಲ್ಲ. ಆ ಶಬ್ದ ಓದಿ ನನಗೆ ಸಂಕಟವಾಯಿತು. ಮಕ್ಕಳು ಹೇಳಿದ್ದೂ ತಪ್ಪಲ್ಲ. ಆ ಯಂತ್ರ ಇಲ್ಲದಿದ್ದರೆ ಅವರಿಗೆ ಇವತ್ತು ಅಪ್ಪಯ್ಯ ಉಳಿಯುತ್ತಿರಲಿಲ್ಲವೇನೋ. ಆದರೆ ಒಂದು ವಿಷಯ ಅವರಿಗೂ ತಿಳಿದಿರಲಿ. ಆಸ್ಪತ್ರೆಯಲ್ಲಿ ಹೃದಯದ ಲಯ ಸರಿಮಾಡಲು ಶಾಕ್ ಕೊಡುವಾಗ, ರೋಗಿಗೆ ಎಚ್ಚರವಿದ್ದರೆ ಮೊದಲು ಮಂಪರು ಬರಿಸುತ್ತಾರೆ. ನಿಮಗೆ ಅದು ಬಂದದ್ದು ಪೂರ್ತಿ ಎಚ್ಚರದಲ್ಲಿ, ಕೈಯಲ್ಲಿ ಕತ್ತಿ ಹಿಡಿದುಕೊಂಡು, ಕೆಳಗೆ ಹಳ್ಳ ಹರಿಯುತ್ತಿರುವಾಗ. ಅದಾದ ಮೇಲೂ ಹೆದರದವರು ಯಾರಿದ್ದಾರೆ ಹೇಳಿ?

ಈ ಯಂತ್ರ ಹುಟ್ಟಿದ್ದೇ ಒಂದು ಸಾವಿನ ದುಃಖದಿಂದ. 1966ರಲ್ಲಿ ಮಿಶೆಲ್ ಮಿರೋವ್ಸ್ಕಿ ಎಂಬ ವೈದ್ಯರಿಗೆ ಗುರುವಿನಂತಿದ್ದ ಹಿರಿಯ ವೈದ್ಯರೊಬ್ಬರು ಹೃದಯದ ಲಯ ತಪ್ಪಿ ತೀರಿಕೊಂಡರು. ಆ ನೋವು ಹೊತ್ತು ಮಿರೋವ್ಸ್ಕಿ ವರ್ಷಗಟ್ಟಲೆ ದುಡಿದರು. 1980ರ ಫೆಬ್ರವರಿಯಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮೊದಲ ಸಲ ಮನುಷ್ಯರೊಬ್ಬರಿಗೆ ಇದನ್ನು ಕೂರಿಸಲಾಯಿತು. ಆಗ ಹೊಟ್ಟೆಯ ಚರ್ಮದಡಿ ಇಡಬೇಕಾದಷ್ಟು ದೊಡ್ಡದಿತ್ತು. ಈಗ ಕೊರಳ ಮೂಳೆಯ ಕೆಳಗೆ ಅಡಗಿ ಕೂರುತ್ತದೆ. ಯಂತ್ರದ ಬಗ್ಗೆ ಇಷ್ಟು ಯೋಚಿಸಿದವರು ಅದನ್ನು ಹೊತ್ತವರ ಹೆದರಿಕೆಯ ಬಗ್ಗೆಯೂ ಯೋಚಿಸಿದ್ದಾರೆ. 2012ರಲ್ಲಿ ಅಮೆರಿಕದ ಹಾರ್ಟ್ ಅಸೋಸಿಯೇಷನ್ ಇದಕ್ಕೆಂದೇ ಒಂದು ದೀರ್ಘ ಹೇಳಿಕೆ ಹೊರಡಿಸಿತು. ಐಸಿಡಿ ಇರುವವರಿಗೂ ಅವರ ಮನೆಯವರಿಗೂ ತಿಳಿವಳಿಕೆ ಕೊಡಬೇಕು, ಮನಸ್ಸಿಗೂ ಚಿಕಿತ್ಸೆ ಸಿಗಬೇಕು ಎಂಬುದೇ ಅದರ ವಿಷಯ. ನಮ್ಮಲ್ಲಿ ಅದು ಎಷ್ಟು ಜನರಿಗೆ ಸಿಗುತ್ತಿದೆ?

ಕುಮಟೆಯಲ್ಲಿದ್ದ ನನ್ನ ಸೋದರಮಾವನಿಗೂ ಇದೇ ಯಂತ್ರ ಇತ್ತು. ಒಂದೇ ಒಂದು ಶಾಕ್. ಆಮೇಲೆ ಎಂಟು ತಿಂಗಳು ಅವರು ಮಲಗಲಿಲ್ಲ. ಜಗಲಿಯ ಆರಾಮಕುರ್ಚಿಯಲ್ಲಿ ಕೂತೇ ರಾತ್ರಿ ಕಳೆದರು. ಎಡಗೈ ಯಾವಾಗಲೂ ಆ ಉಬ್ಬಿನ ಮೇಲೆ. ತಪಾಸಣೆಗೆ ಕರೆದುಕೊಂಡು ಹೋದೆ. ಹುಡುಗನೊಬ್ಬ ಎದೆಯ ಮೇಲೆ ಏನೋ ಇಟ್ಟು, ಪರದೆ ನೋಡಿ, ‘ಡಿವೈಸ್ ಓಕೆ’ ಎಂದ. ಕೈಗೆ ಇಂಗ್ಲಿಷಿನ ಎರಡು ಹಾಳೆ ಕೊಟ್ಟ. ನಿದ್ದೆ ಬರುತ್ತದೆಯಾ ಎಂದು ಯಾರೂ ಕೇಳಲಿಲ್ಲ. ಮಾವನೂ ಹೇಳಲಿಲ್ಲ. ಅವರಿಗೆ ಅದು ನಾಚಿಕೆಯ ವಿಷಯವಾಗಿತ್ತು.

ನೀವೂ ಅದನ್ನೇ ಮಾಡುತ್ತಿದ್ದೀರಿ. ನನಗೆ ನಾಲ್ಕು ಪುಟ ಬರೆದಿರಿ, ಡಾಕ್ಟರಿಗೆ ಒಂದು ಸಾಲೂ ಹೇಳಿಲ್ಲ ಎಂದು ನೀವೇ ಒಪ್ಪಿಕೊಂಡಿದ್ದೀರಿ. ಇದು ಸರಿಯಲ್ಲ. ಹೆದರಿಕೆ ಜಾಸ್ತಿಯಾದಾಗ ಹೃದಯದ ಬಡಿತವೂ ಏರುತ್ತದೆ, ಕೆಲವರಲ್ಲಿ ಲಯ ತಪ್ಪಲು ಅದೇ ನೆಪವಾಗುತ್ತದೆ. ಹಾಗಾಗಿ ಇದೂ ಹೃದಯದ ಚಿಕಿತ್ಸೆಯೇ. ತೆಗೆಸುವ ಮಾತು ಬಿಡಿ. ಯಾವ ವೇಗಕ್ಕೆ ಶಾಕ್ ಹೊಡೆಯಬೇಕು, ಮೊದಲು ನೋವಿಲ್ಲದ ಸಣ್ಣ ಮಿಡಿತಗಳಿಂದ ಸರಿಮಾಡಲು ಆಗುತ್ತದೆಯೇ, ಅಬ್ಲೇಶನ್ (ಲಯ ತಪ್ಪಿಸುವ ಹೃದಯದ ಚಿಕ್ಕ ಜಾಗವನ್ನು ಸುಟ್ಟು ಸುಮ್ಮನಾಗಿಸುವ ಚಿಕಿತ್ಸೆ) ಬೇಕಾ ಎಂದು ಕೇಳಿ. ಮನಸ್ಸಿನ ಡಾಕ್ಟರನ್ನೂ ಕಾಣಿ. ಅವರು ಕೊಡುವ ಮಾತ್ರೆಗಳಲ್ಲಿ ಕೆಲವು ಹೃದಯದ ಲಯದ ಮೇಲೆ ಪರಿಣಾಮ ಮಾಡುತ್ತವೆ, ಆದ್ದರಿಂದ ಇಬ್ಬರು ಡಾಕ್ಟರಿಗೂ ವಿಷಯ ಗೊತ್ತಿರಲಿ. ಅಲ್ಲಿಯವರೆಗೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಹಾಗೇ, ನಿಮ್ಮ ಹಾಸಿಗೆ ಮೊದಲಿದ್ದಲ್ಲಿಗೆ ಬರಲಿ. ಶಾಕ್ ಬಂದಾಗ ಮುಟ್ಟಿಕೊಂಡಿದ್ದವರಿಗೆ ಸಣ್ಣಗೆ ಜುಂ ಎಂದೀತು, ಅಪಾಯವಿಲ್ಲ. ಇದನ್ನು ನಿಮ್ಮ ಮನೆಯವರಿಗೆ ಓದಿ ಹೇಳಿ.

ಇನ್ನು ಸಂಕ. ಶಾಕ್ ಬಂದದ್ದು ಹೃದಯದ ಲಯ ತಪ್ಪಿದ್ದರಿಂದ, ಸಂಕದಿಂದ ಅಲ್ಲ. ಇದು ನಿಮ್ಮ ಬುದ್ಧಿಗೆ ಗೊತ್ತು, ಕಾಲಿಗೆ ಗೊತ್ತಿಲ್ಲ. ಕಾಲಿಗೆ ನಿಧಾನಕ್ಕೆ ಕಲಿಸಬೇಕು. ನಡೆಯಲು ಡಾಕ್ಟರು ಒಪ್ಪಿದ ಮೇಲೆ, ಮಗನ ಜೊತೆ ಹಳ್ಳದ ದಡದವರೆಗೆ ಹೋಗಿ, ಸುಮ್ನೆ ಕೂತು ಬನ್ನಿ. ನಾಲ್ಕು ದಿನ ಅಷ್ಟೇ. ಐದನೇ ದಿನ ಎರಡು ಹೆಜ್ಜೆ. ಇಂಥ ಹೆದರಿಕೆಗೆ ಮನಸ್ಸಿನ ಡಾಕ್ಟರುಗಳೂ ಹೀಗೇ ಮೆಟ್ಟಿಲು ಮೆಟ್ಟಿಲಾಗಿ ಅಭ್ಯಾಸ ಮಾಡಿಸುತ್ತಾರೆ.

‘ಮತ್ತೆ ಹೊಡೆದರೆ ಹುಬ್ಬಳ್ಳಿ ಮುಟ್ಟುತ್ತೇನಾ?’ ಎಂದೂ ಬರೆದಿದ್ದೀರಿ. ಈ ಹೆದರಿಕೆಗೆ ಮಾತ್ರ ಯಾವ ಡಾಕ್ಟರೂ ಮದ್ದು ಕೊಡಲಾರರು. ಹುಬ್ಬಳ್ಳಿ ನೂರು ಕಿಲೋಮೀಟರ್. ಕರಾವಳಿಗೆ ಇಳಿಯಲು ದೇವಿಮನೆ ಘಟ್ಟ, ಮಳೆಗಾಲದಲ್ಲಿ ಅದರ ಗತಿ ನಮಗೆಲ್ಲ ಗೊತ್ತು. ಕಾರವಾರದವರು ಗೋವಾಕ್ಕೆ ಓಡುತ್ತಾರೆ, ಹೊನ್ನಾವರ, ಭಟ್ಕಳದವರು ಮಣಿಪಾಲಕ್ಕೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಉರುಳಿ ನಾಲ್ವರು ಸತ್ತರು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಇಡೀ ಜಿಲ್ಲೆ ಕೂಗಿತು. ನಾನೂ ಇದೇ ಪುಟದಲ್ಲಿ ಬರೆದೆ, ಇನ್ನೂ ಬರೆಯುತ್ತೇನೆ. ಅಡಿಕೆ, ಮೀನು, ಕರೆಂಟು ಎಲ್ಲ ಈ ಜಿಲ್ಲೆಯಿಂದ ಹೊರಗೆ ಹೋಗುತ್ತವೆ. ಎದೆ ಹಿಡಿದುಕೊಂಡವನೂ ಹೊರಗೇ ಹೋಗಬೇಕು ಅಂದರೆ ಹೇಗೆ?

ರಸ್ತೆ ದೂರ ಇರುವ ನಮ್ಮಂಥವರಿಗೆ ಯಾವಾಗ ಹೊರಡಬೇಕು ಎಂಬುದು ಮೊದಲೇ ಗೊತ್ತಿರಬೇಕು. ಒಂದು ಶಾಕ್ ಬಂದು ಆರಾಮಾಗಿದ್ದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಒಂದೇ ದಿನ ಎರಡು ಅಥವಾ ಜಾಸ್ತಿ ಬಂದರೆ, ಇಲ್ಲವೇ ಒಂದೇ ಬಂದರೂ ಎದೆನೋವು, ತಲೆಸುತ್ತು, ಉಬ್ಬಸ ಇದ್ದರೆ ತಕ್ಷಣ ಆಂಬುಲೆನ್ಸ್ ಕರೆಸಿ ಹೊರಡಿ. ಇದನ್ನು ಮುಂದಿನ ಸಂಚಿಕೆಯಲ್ಲಿ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ, ಒಂದೇ ಪುಟಕ್ಕೆ ಹೊಂದಿಸಿ ಅಚ್ಚು ಹಾಕುತ್ತೇವೆ. ಕತ್ತರಿಸಿ ಅಡುಗೆಮನೆಯ ಬಾಗಿಲಿಗೆ ಅಂಟಿಸಿ. ಸಂಕದ ಆಚೆ ಹೋದ ದಿನ ಒಂದು ಕಾರ್ಡು ಬರೆಯಿರಿ, ಕಾಯುತ್ತಿರುತ್ತೇನೆ.

– ಸಂಪಾದಕ